ಎದುರಾಳಿಯ ಅಂಗಳದಲ್ಲಿ ಮಾತು

ನಿಪ್ಪಾಣಿಯ ಮನೆಗಳಲ್ಲಿ ರೇಡಿಯೋದ ಮುಳ್ಳು ಒಂದೇ ಎಡೆಯಲ್ಲಿ ನಿಂತದ್ದು ಕಡಿಮೆ. ಧಾರವಾಡದ ಆಕಾಶವಾಣಿ 1950ರ ಜನವರಿ 8ರಂದು ಆರಂಭವಾಯಿತು, ಸಾಂಗಲಿಯದು 1963ರಲ್ಲಿ. ಮುಳ್ಳನ್ನು ಕೊಂಚ ಈಚೆ ತಿರುವಿದರೆ ಕನ್ನಡ, ಆಚೆ ತಿರುವಿದರೆ ಮರಾಠಿ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಸಂತೆಗಳಲ್ಲಿಯೂ ಒಂದೇ ನಾಲಗೆ ಎರಡು ಭಾಷೆಗಳಲ್ಲಿ ಚೌಕಾಸಿ ಮಾಡುತ್ತದೆ. ಗಡಿಯ ವಿವಾದವನ್ನು ಕುರಿತು ಮಹಾಜನ ಆಯೋಗವು 1967ರಲ್ಲಿ ವರದಿ ಕೊಟ್ಟಿತು. 2004ರಲ್ಲಿ ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಗಾಳಿಯಲ್ಲಿ ತೇಲಿಬರುವ ಧ್ವನಿಗೆ ಮಾತ್ರ ಯಾವ ಗಡಿಕಟ್ಟೆಯೂ ಇಲ್ಲ. ಇಂಥ ಸೀಮೆಯಲ್ಲಿ ಮತ ಬೇಡುವವನಿಗೆ, ತನ್ನನ್ನು ಒಪ್ಪುವವರ ನಡುವೆ ಮಾತ್ರ ಮಾತನಾಡುವ ಸೌಖ್ಯ ಲಭಿಸದು.

ಆದರೂ ಆ ಸೌಖ್ಯದ ಆಸೆ ರಾಜಕಾರಣಿಗಳನ್ನು ಬಿಟ್ಟಿಲ್ಲ. ತಮ್ಮನ್ನು ಹಳಿಯುವವನ ಮುಂದೆ ಹೋಗಿ ಕುಳಿತರೆ ಅವನಿಗೇ ಮನ್ನಣೆ ಕೊಟ್ಟಂತಾಗುವುದೆಂದು ಸಲಹೆಗಾರರು ಎಚ್ಚರಿಸುತ್ತಾರೆ. ಈ ಎಚ್ಚರಿಕೆ ಎಷ್ಟು ಸರಿ?

ಅಮೇರಿಕದಲ್ಲಿ ರೇಡಿಯೋ ಹರಟೆಗಾರರದು ಒಂದು ದೊಡ್ಡ ಸಂಸ್ಥಾನವೇ ಸರಿ. ನ್ಯೂಯಾರ್ಕಿನ ಡಾನ್ ಐಮಸ್ ಅಂಥವರಲ್ಲೊಬ್ಬ. 1992ರಲ್ಲಿ ಅಧ್ಯಕ್ಷ ಪದವಿಗಾಗಿ ಹೊರಟಿದ್ದ ಬಿಲ್ ಕ್ಲಿಂಟನ್ನರನ್ನು ಆತ 'ಬಬ್ಬಾ' ಎಂದು, ದಕ್ಷಿಣದ ಹಳ್ಳಿಗನೆಂದು, ದಿನವೂ ಗೇಲಿ ಮಾಡುತ್ತಿದ್ದ. ಮಾರ್ಚ್ ಕೊನೆಯಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಜೆರಿ ಬ್ರೌನರಿಗೆ ಸೋತಿದ್ದ ಕ್ಲಿಂಟನ್ನರಿಗೆ ನ್ಯೂಯಾರ್ಕ್ ನಿರ್ಣಾಯಕವಾಗಿತ್ತು. ಏಪ್ರಿಲ್ ಆರಂಭದಲ್ಲಿ ಅವರು ಐಮಸನ ಕಾರ್ಯಕ್ರಮಕ್ಕೇ ಬಂದರು. ಕೋಪಿಸಿಕೊಳ್ಳಲಿಲ್ಲ; ದೂರು ಹೇಳಲಿಲ್ಲ. ಯಹೂದಿಗಳ ಮಾತಿನಲ್ಲಿ ಸಜ್ಜನನಿಗಿರುವ ಹೆಸರನ್ನೇ ಎತ್ತಿಕೊಂಡು, ದಕ್ಷಿಣದವರ ನುಡಿಯಲ್ಲಿ 'ಬಬ್ಬಾ' ಎಂದರೂ ಅದೇ ಅರ್ಥವೆಂದು ನಗಿಸಿದರು. ಏಪ್ರಿಲ್ 7ರಂದು ನ್ಯೂಯಾರ್ಕ್ ಅವರ ಕೈಸೇರಿತು. ಗೆಲುವಿಗೆ ಕಾರಣಗಳು ಅನೇಕವಿದ್ದರೂ, ಅಂದಿನ ನಗೆ ಅವರಿಗೆ ನಷ್ಟ ತರಲಿಲ್ಲವೆಂಬುದು ನಿರ್ವಿವಾದ.

ಇದರ ಮರ್ಮವೇನು? ಒಡೆಯನು ವೈರಿಯಾದರೂ ಕೇಳುಗರೆಲ್ಲರೂ ವೈರಿಗಳಲ್ಲ. ಒಲೆಯ ಮುಂದಿರುವ ಗೃಹಿಣಿ, ಲಾರಿ ನಡೆಸುವ ಚಾಲಕ, ಅಂಗಡಿಯ ಗುಮಾಸ್ತ, ಎಲ್ಲರೂ ಕೇಳುತ್ತಾರೆ. ಅವರು ಅಲ್ಲಿಯವರೆಗೆ ಕೇಳಿದ್ದು ಒಂದೇ ಪಕ್ಷದ ವರ್ಣನೆ. ರಾಕ್ಷಸನೆಂದು ಕೇಳಿದ್ದವನು ಮನುಷ್ಯನಂತೆ ಮಾತನಾಡಿದರೆ ಅರ್ಧ ಕೆಲಸ ಆದಂತೆಯೇ. ಗೆಳೆಯರ ಸಭೆಯಲ್ಲಿ ಸಾವಿರ ಚಪ್ಪಾಳೆ ಬಿದ್ದರೂ ಹೊಸದಾಗಿ ಒಂದು ಮತವೂ ಹುಟ್ಟದು. ಇದ್ದ ಮತವೇ ಸದ್ದು ಮಾಡುತ್ತದೆ.

ಕೇಳುಗನ ಮನಸ್ಸು ಎಷ್ಟು ಚಲನಶೀಲವೆಂಬುದಕ್ಕೆ ಅಮೇರಿಕದವರೆಗೆ ಹೋಗಬೇಕಾಗಿಲ್ಲ, ಅಥಣಿ ಸಾಕು. 2018ರಲ್ಲಿ ಕಾಂಗ್ರೆಸ್ಸಿನ ಮಹೇಶ ಕುಮಠಳ್ಳಿಯವರು ಭಾಜಪದ ಲಕ್ಷ್ಮಣ ಸವದಿಯವರನ್ನು ಸೋಲಿಸಿದರು. 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಕುಮಠಳ್ಳಿಯವರೇ ಭಾಜಪದಿಂದ ಗೆದ್ದರು. 2023ರಲ್ಲಿ ಸವದಿಯವರು ಕಾಂಗ್ರೆಸ್ಸಿನಿಂದ ನಿಂತು ಅವರನ್ನು ಸೋಲಿಸಿದರು. ಐದು ವರ್ಷಗಳಲ್ಲಿ ಇಬ್ಬರೂ ಬಾವುಟ ಬದಲಿಸಿ, ನಿನ್ನೆ ತಮ್ಮ ವಿರುದ್ಧ ಘೋಷಣೆ ಕೂಗಿದವರ ಓಣಿಗೇ ಹೋಗಿ ಕೈಮುಗಿಯಬೇಕಾಯಿತು. ಓಣಿಯೂ ಬಾಗಿಲು ಮುಚ್ಚಲಿಲ್ಲ. ಪಕ್ಷಾಂತರದ ಗುಣದೋಷ ಬೇರೆಯೇ ವಿಚಾರ. ಆದರೆ ಮತದಾರನನ್ನು ಚಿರವೈರಿಯೆಂದು ಬಗೆಯುವುದು ತಪ್ಪೆಂಬುದನ್ನು ಅಥಣಿ ತೋರಿಸಿಕೊಟ್ಟಿದೆ.

ಹಾಗೆಂದು ಇದು ಸರ್ವರೋಗಕ್ಕೂ ಮದ್ದಲ್ಲ. ಬ್ರಿಟನ್ನಿನ ಉಪಪ್ರಧಾನಿಯಾಗಿದ್ದ ನಿಕ್ ಕ್ಲೆಗ್ 2013ರ ಜನವರಿಯಿಂದ ಲಂಡನ್ನಿನ ಎಲ್.ಬಿ.ಸಿ. ಕೇಂದ್ರದಲ್ಲಿ ವಾರವಾರವೂ ಕುಳಿತು, ದೂರವಾಣಿಯಲ್ಲಿ ಜನ ಎಸೆದ ಬಿರುನುಡಿಗಳಿಗೆ ಉತ್ತರ ಕೊಟ್ಟರು. ಅವರ ಧೈರ್ಯವನ್ನು ಹಲವರು ಮೆಚ್ಚಿದರು. 2015ರ ಚುನಾವಣೆಯಲ್ಲಿ ಅವರ ಪಕ್ಷದ ಬಲ ಮಾತ್ರ 57 ಸ್ಥಾನಗಳಿಂದ 8ಕ್ಕೆ ಇಳಿಯಿತು. ಮಾಡಿದ ಕೆಲಸವನ್ನು ಮಾತು ಮರೆಸಲಾರದು. ನಗಿಸಿದೊಡನೆ ವೈರಿ ಮಿತ್ರನಾಗುವನೆಂಬ ಭ್ರಮೆಯೂ ಬೇಡ. ಅದೇ ಐಮಸ್ 1996ರಲ್ಲಿ ವಾಷಿಂಗ್‌ಟನ್ನಿನ ಔತಣವೊಂದರಲ್ಲಿ, ಅಧ್ಯಕ್ಷ ದಂಪತಿಗಳು ಎದುರಿಗೇ ಕುಳಿತಿರುವಾಗ, ಅವರನ್ನು ಹಿಗ್ಗಾಮುಗ್ಗಾ ಹಂಗಿಸಿದ.

ನಮ್ಮ ದೇಶದಲ್ಲಿ ಇಂಥ ರೇಡಿಯೋ ಬೆಳೆಯಲಿಲ್ಲ. ಸುದ್ದಿ ಆಕಾಶವಾಣಿಯ ಸೊತ್ತು, ಖಾಸಗಿ ಎಫ್.ಎಂ. ಕೇಂದ್ರಗಳ ಪಾಲಿಗೆ ಬಂದದ್ದು ಹಾಡು, ಹರಟೆ. ಆದಕಾರಣ ಇಲ್ಲಿಯ ಬಿರುಸು ಪ್ರಶ್ನೆಗಳು ಕಬ್ಬಿನ ಗದ್ದೆಯ ಬದುವಿನಲ್ಲಿ, ಕಾರ್ಖಾನೆಯ ಬಾಗಿಲಲ್ಲಿ, ಕೃಷ್ಣೆಯ ನೆರೆ ಇಳಿದ ಊರುಗಳಲ್ಲಿ ಏಳುತ್ತವೆ. ಅಲ್ಲಿ ಗುಂಡಿ ತಿರುವಿ ಧ್ವನಿಯನ್ನು ಅಡಗಿಸಲಾಗದು.

ಮಾತು ಫಲಿಸದಿದ್ದರೆ ತೆರಬೇಕಾದ ಬೆಲೆಯೇನೆಂಬುದನ್ನು ನಿಪ್ಪಾಣಿ ಬಲ್ಲದು. 1981ರ ಮಾರ್ಚಿಯಲ್ಲಿ ತಂಬಾಕಿನ ನ್ಯಾಯವಾದ ಬೆಲೆಗಾಗಿ ರೈತರು ಶರದ ಜೋಶಿಯವರ ಮುಂದಾಳುತನದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯ ಮೇಲೆ ಬೀಡುಬಿಟ್ಟರು. ಮೂರು ವಾರಗಳು ಕಳೆದರೂ ಒಡಂಬಡಿಕೆಯಾಗಲಿಲ್ಲ. ಏಪ್ರಿಲ್ 6ರಂದು ಪೋಲೀಸರ ಗುಂಡಿಗೆ 12 ಮಂದಿ ಬಲಿಯಾದರು. ಅದಕ್ಕೆ ಮುಂಚಿನ ವರ್ಷದ ಜುಲೈಯಲ್ಲಿ ನರಗುಂದ, ನವಲಗುಂದಗಳೂ ರಕ್ತವನ್ನು ಕಂಡಿದ್ದವು. 1983ರ ಜನವರಿಯ ಚುನಾವಣೆಯಲ್ಲಿ ಕಾಂಗ್ರೆಸ್ ಪಕ್ಷವು ಕರ್ನಾಟಕದಲ್ಲಿ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಮುಖ್ಯಮಂತ್ರಿ ಗುಂಡೂರಾಯರು ತಮ್ಮ ಕ್ಷೇತ್ರದಲ್ಲಿಯೇ ಸೋತರು.

ಅಪ್ರಿಯವಾದ ಪ್ರಶ್ನೆಯನ್ನು ಎದುರು ನಿಂತು ಕೇಳಿಸಿಕೊಂಡವನು ಒಂದು ಸಂಜೆಯ ಮುಖಭಂಗವನ್ನಷ್ಟೇ ಪಡೆಯುತ್ತಾನೆ. ಕೇಳಿಸಿಕೊಳ್ಳದವನಿಗೆ ಅದೇ ಪ್ರಶ್ನೆ ಐದು ವರ್ಷಕ್ಕೊಮ್ಮೆ ಮತಪೆಟ್ಟಿಗೆಯಿಂದ ಕೇಳಿಬರುತ್ತದೆ. ಆಗ ಉತ್ತರ ಹೇಳುವ ಅವಕಾಶ ಯಾರಿಗೂ ಉಳಿದಿರುವುದಿಲ್ಲ.