ಕೇಳುವವರಿಲ್ಲದ ಯಂತ್ರವೇಕೆ?



‘ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟರೆ ಹೃದ್ರೋಗಿಗಳ ಕಷ್ಟ ತೀರಿತು’ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಅದನ್ನು ನಾನು ಒಪ್ಪಲಾರೆ. ‘ಹಳ್ಳಿಯವರಿಗೆ ಇದೆಲ್ಲ ಎಲ್ಲಿ ತಿಳಿದೀತು’ ಎಂಬ ಉಡಾಫೆಯನ್ನಂತೂ ಎಂದಿಗೂ ಒಪ್ಪಲಾರೆ.

ಆ ಉಡಾಫೆಗೆ ನಮ್ಮ ಜಿಲ್ಲೆಯೇ ಉತ್ತರ. 2002ರಲ್ಲಿಯೇ ಇಸ್ರೋ ಸಂಸ್ಥೆಯು ಬೆಂಗಳೂರಿನ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯೊಂದಿಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೊಂದಿಗೂ ಉಪಗ್ರಹದ ಮೂಲಕ ಜೋಡಿಸಿತ್ತು. ರೋಗಿ ಇಲ್ಲಿ, ತಜ್ಞರು ಅಲ್ಲಿ! 2023ರಲ್ಲಿ ಸರ್ಕಾರವು ಪುನೀತ್ ರಾಜ್‌ಕುಮಾರ್ ಅವರ ಹೆಸರಿನಲ್ಲಿ ಘೋಷಿಸಿದ ಹೃದಯಜ್ಯೋತಿ ಯೋಜನೆಯೂ ಅದೇ ಹಾದಿಯದು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರು ನೋಡಿ ಸಲಹೆ ನೀಡುವ ಈ ವ್ಯವಸ್ಥೆ ಸ್ವಾಗತಾರ್ಹವೇ ಸರಿ.

ಆದರೆ ಆ ಯೋಜನೆ ಒದಗುವುದು ಹೃದಯಾಘಾತದ ಗಳಿಗೆಗೆ. ಹೃದಯ ವೈಫಲ್ಯವು ನಿತ್ಯದ ವ್ಯಾಧಿ. ಅಲ್ಲಿ ಹೃದಯ ನಿಂತುಹೋಗಿರುವುದಿಲ್ಲ. ರಕ್ತವನ್ನು ಸಾಕಷ್ಟು ತಳ್ಳಲಾರದೆ ಸೋಲುತ್ತಿರುತ್ತದೆ. ದೇಹದಲ್ಲಿ ನೀರು ನಿಲ್ಲುತ್ತದೆ, ಕಾಲು ಊದುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ಮೂರು ದಿನಗಳಲ್ಲಿ 2 ಕಿಲೋಗಿಂತ ಹೆಚ್ಚು ತೂಕ ಏರಿದರೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಇದಕ್ಕೆ ಉಪಗ್ರಹ ಬೇಡ. ತೂಕದ ಯಂತ್ರ, ನೋಟ್‌ಪುಸ್ತಕ, ಒಂದು ಫೋನು ಸಾಕು.

ಆದರೆ ತಿಳಿಸುವುದು ಯಾರಿಗೆ? ಅಮೆರಿಕದಲ್ಲಿ 1653 ರೋಗಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಗಳು ಫೋನಿನ ಸ್ವಯಂಚಾಲಿತ ಧ್ವನಿಗೆ ದಿನವೂ ವರದಿ ಒಪ್ಪಿಸುತ್ತಿದ್ದರು. ಸಾವಾಗಲಿ, ಮರಳಿ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. 2018ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ ವೈದ್ಯರೂ ದಾದಿಯರೂ ಹಗಲಿರುಳು ಎಚ್ಚರವಿದ್ದ ಕೇಂದ್ರಕ್ಕೆ ತೂಕ, ರಕ್ತದೊತ್ತಡ, ಇ.ಸಿ.ಜಿ. ತಲುಪುತ್ತಿದ್ದವು, ಅಲ್ಲಿ ಸಾವುಗಳು ಇಳಿದವು. ವ್ಯತ್ಯಾಸಕ್ಕೆ ಕಾರಣಗಳು ಹಲವಿರಬಹುದು. ನನಗೆ ಕಾಣುವ ಪಾಠವಿಷ್ಟೆ: ಅಳೆದರೆ ಸಾಲದು, ಅಳತೆಯನ್ನು ನೋಡಿ ಅಂದೇ ಸ್ಪಂದಿಸುವ ಮನುಷ್ಯರು ಬೇಕು.

ಗುಂಡ್ಲುಪೇಟೆಯಿಂದ ಮೈಸೂರಿಗೆ ಸುಮಾರು 60 ಕಿಲೋಮೀಟರ್. ಉಬ್ಬಸದಿಂದ ಬಳಲುವ ಮುದುಕರು ಮಾತ್ರೆಯ ಪ್ರಮಾಣ ಕೇಳಲೆಂದು ಅಷ್ಟು ದೂರ ಬಸ್ಸು ಹತ್ತಬೇಕೇ? ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕೆಲಸಕ್ಕೆಂದೇ ತರಬೇತಾದ ಒಬ್ಬ ದಾದಿಯಿರಲಿ. ಅವರು ಕನ್ನಡದಲ್ಲಿ ಕರೆಮಾಡಿ ವಿಚಾರಿಸಲಿ. ವೈದ್ಯರು ಅಂದೇ ಉತ್ತರ ಕೊಡಲಿ. ತಂತ್ರಾಂಶ ಬರೆಯುವ ನನ್ನ ವಿದ್ಯಾರ್ಥಿಗಳೇ, ಓದಲು ಬಾರದವರಿಗೂ ನಿಲುಕುವಂತೆ ಅದು ಕನ್ನಡದಲ್ಲಿ ಮಾತನಾಡಲಿ.

ಮುಂದೆ ಎಲ್ಲಿಯಾದರೂ ಇಂಥ ಯಂತ್ರದ ಉದ್ಘಾಟನೆಗೆ ಹೋದರೆ ಚಪ್ಪಾಳೆಗೆ ಮೊದಲು ಒಂದು ಪ್ರಶ್ನೆ ಕೇಳಿ: ‘ಸ್ವಾಮಿ, ನಾಳೆ ಬೆಳಿಗ್ಗೆ ಇದರಲ್ಲಿ ಬರುವ ಅಂಕಿಯನ್ನು ನೋಡುವವರು ಯಾರು?’