ಬಿಟ್ಟುಕೊಟ್ಟವರ ಲೆಕ್ಕ

ದಕ್ಷಿಣ ಬೆಂಗಳೂರಿನ ಬಡಾವಣೆಗಳಲ್ಲಿ ಕ್ರಿಕೆಟ್ಟು ಮನೆದೇವರು. ಕಾಲ್ಚೆಂಡು ಈಚೆಗೆ ಮನೆ ತುಂಬಿದ ಸೊಸೆ. ಜಯನಗರದ ಶಾಲಿನಿ ಮೈದಾನದಲ್ಲಿ ಸಂಜೆಯ ವೇಳೆ ಚೆಂಡೊದೆಯುವ ಹುಡುಗರ ಅಜ್ಜಂದಿರು ಗುಂಡಪ್ಪ ವಿಶ್ವನಾಥರ ಸ್ಕ್ವೇರ್ ಕಟ್ಟನ್ನು ಕೊಂಡಾಡುತ್ತ ಬಾಳಿದವರು. ಆದರೂ 2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ವೃತ್ತಿಪರ ತಂಡ ಹುಟ್ಟಿದಂದಿನಿಂದ ಸೊಸೆಯ ಮಾತೂ ಆ ಮನೆಗಳಲ್ಲಿ ನಡೆಯತೊಡಗಿದೆ. ಪಂದ್ಯವಿದ್ದ ರಾತ್ರಿ ಕಂಠೀರವ ಕ್ರೀಡಾಂಗಣದಿಂದ ಹೊರಬಿದ್ದು, ಕಬ್ಬನ್ ಪಾರ್ಕಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಿಸಿ, ಜಯನಗರ, ಬನಶಂಕರಿ, ಜೆ.ಪಿ. ನಗರಗಳಿಗೆ ಮರಳುವ ನೀಲಿ ಅಂಗಿಯವರ ನಡುವೆ ನಡೆಯುವುದು ಬಹುಮಟ್ಟಿಗೆ ಒಂದೇ ವಿಚಾರಣೆ. ಇವನನ್ನು ಏಕೆ ಬಿಟ್ಟರು? ಅವನನ್ನು ಏಕೆ ತಂದರು? ಗೆದ್ದ ರಾತ್ರಿ ಈ ವಿಚಾರಣೆ ಲಾಲ್‌ಬಾಗಿನ ಹೊತ್ತಿಗೆ ಮುಗಿಯುತ್ತದೆ. ಸೋತ ರಾತ್ರಿ ಯಲಚೇನಹಳ್ಳಿಯವರೆಗೂ ಮುಗಿಯುವುದಿಲ್ಲ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಮುಚ್ಚಿದವರ ಕಥೆ ಕನ್ನಡಿಗರಿಗೆ ಹೊಸದಲ್ಲ. ಆದರೆ ಬಾಗಿಲು ಯಾವಾಗ ತೆರೆದಿತ್ತು, ಯಾರು ತೆರೆದರು, ಅಂದು ಹೊರಗೆ ಶತ್ರು ಕಾಣುತ್ತಿದ್ದನೆ ಇಲ್ಲವೆ ಎಂದು ಕೇಳುವವರು ವಿರಳ. ಹೋದ ಆಟಗಾರನು ಹೊಸ ಅಂಗಿಯಲ್ಲಿ ಗೋಲು ಹೊಡೆದನೆಂದರೆ ಬಿಟ್ಟವರು ಮೂರ್ಖರು. ಅವನು ಅಲ್ಲಿ ಮಂಡಿ ಮುರಿದುಕೊಂಡು ಕುಳಿತನೆಂದರೆ ಅದೇ ಬಿಟ್ಟವರು ದೂರದರ್ಶಿಗಳು. ಒಂದೇ ನಿರ್ಧಾರಕ್ಕೆ ಎರಡು ತೀರ್ಪು! ಕ್ರಿಕೆಟ್ಟಿನ ಮನೆಯಲ್ಲಿಯೂ ಇದೇ ನ್ಯಾಯ. ಎಂಟು ಋತು ಬೆಂಗಳೂರಿಗೆ ಆಡಿದ ಯಜುವೇಂದ್ರ ಚಾಹಲ್ 2022ರಲ್ಲಿ ರಾಜಸ್ಥಾನದ ಪಾಲಾಗಿ ಆ ವರ್ಷ 27 ವಿಕೆಟ್ ಕಿತ್ತಾಗ ಊರೆಲ್ಲ ತಲೆ ಚಚ್ಚಿಕೊಂಡಿತು. 2025ರ ಜೂನ್ 3ರಂದು ಅದೇ ಚಾಹಲ್ ಪಂಜಾಬಿನ ಪರ ಅಂತಿಮ ಪಂದ್ಯ ಆಡುತ್ತಿರಲು ಬೆಂಗಳೂರು 6 ರನ್ನುಗಳಿಂದ ಗೆದ್ದು ಮೊದಲ ಬಾರಿಗೆ ಕಪ್ ಎತ್ತಿತು; ಮರುದಿನ ಅವನ ಹೆಸರೆತ್ತಿದವರೇ ಇಲ್ಲ.

ಕಾಲ್ಚೆಂಡಿನಲ್ಲಿ ಈ ಲೆಕ್ಕ ಇನ್ನಷ್ಟು ತೊಡಕಿನದು. ನಮ್ಮ ದೇಶದಲ್ಲಿ ಆಟಗಾರರು ತಂಡದಿಂದ ತಂಡಕ್ಕೆ ಹೋಗುವುದು ಹೆಚ್ಚಾಗಿ ಕರಾರು ಮುಗಿದ ಮೇಲೆ. ಕರಾರಿನ ಕೊನೆಯ ಆರು ತಿಂಗಳಲ್ಲಿ ಆಟಗಾರನು ಬೇರೆ ತಂಡದೊಡನೆ ಮಾತನಾಡಬಹುದೆಂಬುದು ಜಗತ್ತಿನ ನಿಯಮ. ಅವಧಿ ಮುಗಿದರೆ ಹಳೆಯ ತಂಡಕ್ಕೆ ದಮ್ಮಡಿಯೂ ಇಲ್ಲ. ಆದುದರಿಂದ ‘ಮಾರಿದರು’ ಎಂದು ಜನ ಆಡಿಕೊಳ್ಳುವ ಸಂಗತಿಗಳಲ್ಲಿ ಅನೇಕವು ಮಾರಾಟವೇ ಅಲ್ಲ. ಉಳಿಸಿಕೊಳ್ಳಲು ಎಷ್ಟು ಕೊಡಬೇಕು, ಅಷ್ಟು ಕೊಟ್ಟರೆ ಇನ್ನಾರಿಗೆ ಕಡಮೆಯಾಗುತ್ತದೆ, ಎಂಬಷ್ಟೇ ಪ್ರಶ್ನೆ. ಇಂಡಿಯನ್ ಸೂಪರ್ ಲೀಗಿನಲ್ಲಿ ಒಟ್ಟು ಸಂಬಳಕ್ಕೆ ಮಿತಿಯೂ ಉಂಟು. ಸಾಲದುದಕ್ಕೆ 2021-22ರ ಋತುವಿನಿಂದ ಕಣದಲ್ಲಿ ಒಮ್ಮೆಗೆ ಐವರ ಬದಲು ನಾಲ್ವರೇ ವಿದೇಶೀಯರು ಇರಬೇಕೆಂಬ ಕಟ್ಟಳೆ ಬಂದು ಎಲ್ಲ ತಂಡಗಳ ಲೆಕ್ಕವೂ ತಲೆಕೆಳಗಾಯಿತು.

ಹಾಗಾದರೆ ಅಳೆಯುವ ಕೋಲು ಯಾವುದು? ಹೋದವನು ಬೇರೆಡೆ ಏನು ಮಾಡಿದನೆಂಬುದಲ್ಲ. ಅವನು ಹೋದ ಮರುದಿನ ಅವನ ಜಾಗದಲ್ಲಿ ಯಾರು ನಿಂತರು ಎಂಬುದು. ಈ ಕೋಲಿನಿಂದ ಅಳೆದರೆ ಮೆಟ್ರೋ ಗಾಡಿಯ ತೀರ್ಪುಗಳಲ್ಲಿ ಕೆಲವು ಉಳಿಯುತ್ತವೆ, ಕೆಲವು ಬಿದ್ದುಹೋಗುತ್ತವೆ.

ಮೊದಲು 2017. ಹುಟ್ಟಿದ ವರ್ಷವೇ ಐ-ಲೀಗನ್ನು ಗೆದ್ದು, 2016ರಲ್ಲಿ ಮತ್ತೊಮ್ಮೆ ಗೆದ್ದು, ಅದೇ ವರ್ಷ ದೋಹಾದಲ್ಲಿ ಏಷ್ಯಾದ ಎ.ಎಫ್.ಸಿ. ಕಪ್ಪಿನ ಅಂತಿಮ ಪಂದ್ಯದವರೆಗೂ ನಡೆದಿದ್ದ ತಂಡ ಅದು. ಸೂಪರ್ ಲೀಗಿಗೆ ಸೇರಿದಾಗ ಕೆಲವರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಬಿಡಬೇಕಾಯಿತು. ಸುನಿಲ್ ಛೆಟ್ರಿ, ಉದಾಂತ ಸಿಂಗ್ ಉಳಿದರು. ಮೇ ತಿಂಗಳಲ್ಲಿ ಕಟಕ್ಕಿನಲ್ಲಿ ಮೋಹನ್ ಬಾಗಾನಿನ ಮೇಲೆ ಎರಡೂ ಗೋಲು ಹೊಡೆದು ಫೆಡರೇಶನ್ ಕಪ್ಪನ್ನು ತಂದುಕೊಟ್ಟ ಸಿ.ಕೆ. ವಿನೀತ್ ಕೇರಳಕ್ಕೆ ಹೋದನು. ನಡುವಣ ಆಟದ ಜಾಣ ಯುಜೀನ್‌ಸನ್ ಲಿಂಗ್ಡೋ 1 ಕೋಟಿ 10 ಲಕ್ಷ ರೂಪಾಯಿಗೆ ಕಲ್ಕತ್ತೆಯ ಎ.ಟಿ.ಕೆ. ತಂಡಕ್ಕೆ ಹೋದನು. ತಂಡದ ಬೆನ್ನೆಲುಬೇ ಮುರಿಯಿತೆಂದು ಜನ ಮರುಗಿದರು. ಆದರೆ ಲಿಂಗ್ಡೋ ಗಾಯಗೊಂಡು ಆ ಋತುವಿನ ಬಹುಭಾಗ ಹೊರಗುಳಿದನು; ಇತ್ತ ಬೆಂಗಳೂರು ಲೀಗಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಗಾಯವನ್ನು ಯಾರೂ ಮುಂಗಂಡವರಲ್ಲವಾದುದರಿಂದ ಅದರ ಕೀರ್ತಿ ಬಿಟ್ಟವರಿಗೆ ಸಲ್ಲದು. ಸಲ್ಲಬೇಕಾದದ್ದು ಬೇರೆ: ಅದೇ ಬೇಸಿಗೆಯಲ್ಲಿ ನಾರ್ವೆಯಿಂದ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧುವನ್ನೂ, ವೆನಿಜುವೆಲಾದ ಮಿಕುವನ್ನೂ, ಹಿಂಬದಿಗೆ ರಾಹುಲ್ ಭೇಕೆಯನ್ನೂ ತಂದು ನಿಲ್ಲಿಸಿದ್ದು. ಮಿಕು ಮೊದಲ ಋತುವಿನಲ್ಲೇ 15 ಗೋಲು ಹೊಡೆದನು. 2019ರ ಮಾರ್ಚ್ 17ರಂದು ಮುಂಬಯಿಯಲ್ಲಿ ಗೋವಾದ ಎದುರು ಹೆಚ್ಚುವರಿ ವೇಳೆಯ 117ನೆಯ ನಿಮಿಷದಲ್ಲಿ ಭೇಕೆ ತಲೆಯಿಂದ ಹೊಡೆದ ಗೋಲು ಬೆಂಗಳೂರನ್ನು ಚಾಂಪಿಯನ್ ಮಾಡಿತು.

ಅಲ್ಲಿಂದ ಮುಂದೆಯೇ ಲೆಕ್ಕ ಕೆಟ್ಟದ್ದು. ಗೆದ್ದ ಬೆನ್ನಿಗೇ ಮಿಕು ಸೈಪ್ರಸ್ಸಿನ ಒಂದು ತಂಡಕ್ಕೆ ನಡೆದನು. ಅವನಿಗೆ ಆಗ ಮೂವತ್ನಾಲ್ಕರ ಹತ್ತಿರ. ಹಿಂದಿನ ಋತುವಿನ ನಡುವೆ ಗಾಯದಿಂದ ಕುಳಿತಿದ್ದವನು. ಹೋಗಗೊಟ್ಟದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಅವನ ಜಾಗಕ್ಕೆ ಬಂದ ಮಾನುಯೆಲ್ ಓನ್ವು ಮಾತ್ರ ಇಲ್ಲಿ ಗೋಲಿಗಾಗಿ ತಿಣುಕಿದನು. ಋತುವಿನ ನಡುವೆ ಅವನನ್ನು ಒಡಿಶಾ ತಂಡಕ್ಕೆ ಎರವಲು ಕೊಡಲಾಯಿತು. ಅಲ್ಲಿ ಅವನು ನಾಲ್ಕೇ ಪಂದ್ಯಗಳಲ್ಲಿ 7 ಗೋಲು ಹೊಡೆದು ಬೆಂಗಳೂರಿನವರ ಹೊಟ್ಟೆ ಉರಿಸಿದನು! ಇದನ್ನು ಹೇಗೆ ಅರ್ಥಮಾಡಬೇಕು? ಆಟಗಾರ ಕೆಟ್ಟವನಾಗಿರಲಿಲ್ಲ, ಅವನನ್ನು ಆರಿಸಿದ ಕಣ್ಣೂ ಕುರುಡಾಗಿರಲಿಲ್ಲ. ಅವನ ಕಾಲಿಗೆ ಚೆಂಡು ತಲುಪಿಸುವ ಆಟ ಇಲ್ಲಿ ಇರಲಿಲ್ಲ. ತೂಕದ ಕಲ್ಲು ಸರಿಯಿದ್ದು ತಕ್ಕಡಿಯೇ ವಾಲಿದ್ದರೆ ಕಲ್ಲನ್ನು ಬಯ್ದು ಫಲವಿಲ್ಲ. ರೈಲಿನ ವಿಚಾರಣೆಯಲ್ಲಿ ತಪ್ಪಿಸಿಕೊಳ್ಳುವ ಆರೋಪಿ ಎಂದರೆ ಈ ತಕ್ಕಡಿ.

ಇದೇ 2019ರ ಬೇಸಿಗೆಯಲ್ಲಿ ಎ.ಟಿ.ಕೆ. ತಂಡ ಫಿಜಿಯ ರಾಯ್ ಕೃಷ್ಣನನ್ನು ಕರೆತಂದಿತು. ಗಿರ್ಮಿಟ್ ಕೂಲಿಗಳಾಗಿ ಹಡಗು ಹತ್ತಿ ಹೋದ ಭಾರತೀಯರ ವಂಶದ ಕುಡಿ ಚೆಂಡೊದೆಯುತ್ತ ಕಲ್ಕತ್ತೆಗೆ ಮರಳಿದ್ದು ಬೇರೆಯೇ ಒಂದು ಕಥೆಗೆ ವಸ್ತು. ಆ ಋತುವಿನಲ್ಲಿ ಅವನು 15 ಗೋಲು ಹೊಡೆದನು. 2020ರ ಮಾರ್ಚಿನ ಉಪಾಂತ್ಯದಲ್ಲಿ ಬೆಂಗಳೂರು ಮನೆಯಂಗಳದಲ್ಲಿ 1-0 ಗೆದ್ದು ಕಲ್ಕತ್ತೆಗೆ ಹೋಯಿತು. ಅಲ್ಲಿ ಆಶಿಕ್ ಕುರುನಿಯನ್ ಆರಂಭದಲ್ಲೇ ಗೋಲು ಹೊಡೆದನು. ಇನ್ನೇನು ಗೆದ್ದೆವೆಂದು ಬನಶಂಕರಿಯ ದೂರದರ್ಶನಗಳ ಮುಂದೆ ಕುಳಿತವರು ಕೈ ತಟ್ಟುತ್ತಿರಲು ಕೃಷ್ಣ ಒಂದು, ಅವನ ಜೊತೆಗಾರ ಡೇವಿಡ್ ವಿಲಿಯಮ್ಸ್ ಎರಡು ಗೋಲು ಹೊಡೆದು ಆಟವನ್ನು ಕಸಿದರು.

2021ರಲ್ಲಿ ತಂಡ ಏಳನೆಯ ಸ್ಥಾನಕ್ಕೆ ಕುಸಿದಾಗ ಮನೆಯನ್ನೇ ಗುಡಿಸುವ ಹುಮ್ಮಸ್ಸು ಬಂತು. ಹಿಂಬದಿಯ ಗೋಡೆಯಂತಿದ್ದ ಸ್ಪೇನಿನ ಹ್ವಾನಾನ್ ಹೈದರಾಬಾದಿಗೆ ಹೋದನು. ಮರುವರ್ಷ ಹೈದರಾಬಾದು ಕಪ್ ಗೆದ್ದಿತು. ಭೇಕೆ ಮುಂಬಯಿಗೆ ಹೋದನು. ಅವನಿಗೆ ಆಗ ಮೂವತ್ತು. ರಕ್ಷಣೆಯ ಆಟಗಾರನಿಗೆ ಅದು ಮುದಿತನವಲ್ಲ, ಮಾಗುವ ವಯಸ್ಸು. ಇಲ್ಲಿ ಮಾತ್ರ ಜನರ ತೀರ್ಪೇ ಸರಿ. ವಿದೇಶೀಯರ ಸಂಖ್ಯೆಗೆ ಕತ್ತರಿ ಬಿದ್ದ ವರ್ಷದಲ್ಲಿ ಅನುಭವಿ ಸ್ವದೇಶೀ ಡಿಫೆಂಡರನ ಬೆಲೆ ಏರುವುದೆಂದು ತಿಳಿಯಲು ಜೋಯಿಸರು ಬೇಕಾಗಿರಲಿಲ್ಲ. ಕಟ್ಟಳೆ ಅಚ್ಚಾಗಿ ಎಲ್ಲರ ಕೈಯಲ್ಲಿತ್ತು. 2024ರ ಮೇ ತಿಂಗಳಲ್ಲಿ ಭೇಕೆ ನಾಯಕನಾಗಿ ಮುಂಬಯಿಗೆ ಕಪ್ ಗೆದ್ದುಕೊಟ್ಟನು. ಅದೇ ವರ್ಷ ಬೆಂಗಳೂರು ಅವನನ್ನು ಮತ್ತೆ ಕರೆತಂದಿತು. ಕೊಟ್ಟ ಹಸುವನ್ನು ಕರಾವು ಇಳಿಯುವ ಹೊತ್ತಿಗೆ ಮರಳಿ ಕೊಂಡಂತೆ ಎಂದು ಹಳೆಯ ಅಭಿಮಾನಿಗಳು ಗೊಣಗಿದರು. ಆದರೂ ಆ ಋತುವಿನಲ್ಲಿ ತಂಡ ಅಂತಿಮ ಪಂದ್ಯ ತಲುಪಿದ್ದನ್ನು ಗೊಣಗಿನ ಜೊತೆಗೆ ಬರೆದಿಡಬೇಕು.

ಇನ್ನು ಎಲ್ಲಕ್ಕಿಂತ ಹೆಚ್ಚು ಜಗಳಕ್ಕೆ ಕಾರಣವಾದ 2022. ಆ ಬೇಸಿಗೆಯಲ್ಲಿ ಆಶಿಕ್ ಕಲ್ಕತ್ತೆಗೆ, ಆಗ ಎ.ಟಿ.ಕೆ. ಮೋಹನ್ ಬಾಗಾನ್ ಎಂದು ಕರೆಸಿಕೊಳ್ಳುತ್ತಿದ್ದ ತಂಡಕ್ಕೆ, ಹೋದನು. ಅಲ್ಲಿಂದ ಪ್ರಬೀರ್ ದಾಸ್, ಸಂದೇಶ್ ಝಿಂಗನ್ ಮತ್ತು ಸಾಕ್ಷಾತ್ ರಾಯ್ ಕೃಷ್ಣನೇ ಇಲ್ಲಿಗೆ ಬಂದರು. ಇಪ್ಪತ್ತೈದರ ಎಳೆಯನನ್ನು ಕೊಟ್ಟು ಮಾಗಿದವರನ್ನು ತರುವುದೆಂದರೆ ಬಿತ್ತನೆಯ ರಾಗಿಯನ್ನು ಬೀಸಿದಂತೆ ಎಂದವರುಂಟು. ಆದರೆ ಸೆಪ್ಟೆಂಬರಿನಲ್ಲೇ ತಂಡ ಮುಂಬಯಿಯನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಗೆದ್ದಿತು. ಲೀಗಿನಲ್ಲಿ ಮೊದಲು ಮುಗ್ಗರಿಸಿ ಆಮೇಲೆ ಸತತವಾಗಿ ಎಂಟು ಪಂದ್ಯ ಗೆದ್ದಿತು. 2023ರ ಮಾರ್ಚ್ 18ರಂದು ಗೋವಾದ ಫತೋರ್ಡಾದಲ್ಲಿ ಅಂತಿಮ ಪಂದ್ಯ. ಎದುರಿಗೆ ಅದೇ ಕಲ್ಕತ್ತೆಯ ತಂಡ. ಚೆಂಡು ಕೈಗೆ ತಗುಲಿ ಎದುರಾಳಿಗೆ ಮೊದಲ ಪೆನಾಲ್ಟಿ ಕೊಟ್ಟವನು ಕೃಷ್ಣ; 78ನೆಯ ನಿಮಿಷದಲ್ಲಿ ಬೆಂಗಳೂರಿಗೆ 2-1 ಮುನ್ನಡೆ ಕೊಟ್ಟವನೂ ಕೃಷ್ಣ. ಏಳು ನಿಮಿಷದಲ್ಲಿ ಇನ್ನೊಂದು ಪೆನಾಲ್ಟಿ, ಸಮಬಲ, ಕೊನೆಗೆ ಪೆನಾಲ್ಟಿ ಸರದಿಯಲ್ಲಿ 4-3ರಿಂದ ಸೋಲು. ಎರಡು ಒದೆತಗಳು ಒಳಗೆ ಹೋಗಿದ್ದರೆ ಈ ಕೊಡುಕೊಳೆಯನ್ನು ತಂಡದ ಚರಿತ್ರೆಯಲ್ಲೇ ಶ್ರೇಷ್ಠವೆಂದು ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಸಿಹಿ ಹಂಚುತ್ತಿದ್ದರು. ಒಳಗೆ ಹೋಗದ ಕಾರಣ ಅದು ಶುದ್ಧ ಮೂರ್ಖತನವಾಯಿತು.

ನಿಜವಾದ ನಷ್ಟ ಆದದ್ದು ಅದರ ಮರು ಬೇಸಿಗೆಯಲ್ಲಿ. ಕೃಷ್ಣ ಒಡಿಶಾಕ್ಕೆ, ಝಿಂಗನ್ ಮತ್ತು ಉದಾಂತ ಗೋವಾಕ್ಕೆ, ಪ್ರಬೀರ್ ಕೇರಳಕ್ಕೆ, ಒಬ್ಬರ ಹಿಂದೊಬ್ಬರು ನಡೆದರು. ಒಡಿಶಾದಲ್ಲಿ ಕೃಷ್ಣ 13 ಗೋಲು ಹೊಡೆದನು. ಬೆಂಗಳೂರು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಯಿತು. ಝಿಂಗನ್ 2024ರ ಆರಂಭದಲ್ಲಿ ಏಷ್ಯನ್ ಕಪ್ಪಿನಲ್ಲಿ ಗಾಯಗೊಂಡು ಮಲಗಿದನೆಂದು ಸಮಾಧಾನ ಹೇಳುವವರಿದ್ದಾರೆ, ಅದು ಸಮಾಧಾನವಲ್ಲ. ಅಂತಿಮ ಪಂದ್ಯ ತಲುಪಿದ ತಂಡದ ಹಿಂಬದಿ, ಪಕ್ಕ, ಮುಂಬದಿ ಮೂರನ್ನೂ ಒಂದೇ ಬೇಸಿಗೆಯಲ್ಲಿ ಕಳಚಿದ ಮೇಲೆ ಯಾರು ಎಲ್ಲಿ ನಿಲ್ಲುವರೆಂಬ ಪ್ರಶ್ನೆಗೆ ಅಂದೇ ಉತ್ತರ ಬೇಕಿತ್ತು. ಉತ್ತರ ದೊರೆತದ್ದು ಒಂದು ವರ್ಷ ತಡವಾಗಿ.

ಇಷ್ಟೆಲ್ಲ ಜಗಳವಾಡುವವರು ಹಳೆಯ ಬೆಂಗಳೂರಿನ ಒಂದು ಖರ್ಚನ್ನು ಮರೆಯುತ್ತಾರೆ. ಈ ಊರಿನ ಕಾಲ್ಚೆಂಡು ಬೆಳೆದದ್ದು ದಂಡಿನ ಕಡೆ, ಆಸ್ಟಿನ್ ಟೌನ್, ಗೌತಮಪುರಗಳ ಓಣಿಗಳಲ್ಲಿ. 1948ರಲ್ಲಿ ಲಂಡನ್ ಒಲಿಂಪಿಕ್ಸಿನಲ್ಲಿ ಬರಿಗಾಲಿನಲ್ಲಿ ಆಡಿ ಫ್ರಾನ್ಸನ್ನು ನಡುಗಿಸಿದ ತಂಡದಲ್ಲಿ ಗೋಲು ಹೊಡೆದ ಸಾರಂಗಪಾಣಿ ರಾಮನ್ ಈ ಊರಿನವರು. ಚೆಂಡನ್ನು ಹಾವಾಡಿಗನಂತೆ ಆಡಿಸುತ್ತಿದ್ದ ಅಹಮದ್ ಖಾನ್ ಈ ಊರಿನವರು. 1949ರಲ್ಲಿ ಅಹಮದ್ ಖಾನರು ಕಲ್ಕತ್ತೆಯ ಈಸ್ಟ್ ಬೆಂಗಾಲನ್ನು ಸೇರಿ, ಅಲ್ಲಿಯ ಜನ ಪಂಚಪಾಂಡವರೆಂದು ಕರೆದ ಐವರು ಮುಂಬದಿಯ ಆಟಗಾರರಲ್ಲಿ ಒಬ್ಬರಾದರು. ಆ ತಂಡ 1949, 1950, 1951ರಲ್ಲಿ ಸತತವಾಗಿ ಐ.ಎಫ್.ಎ. ಶೀಲ್ಡನ್ನು ಗೆದ್ದಿತು. ಹತ್ತು ವರ್ಷ ಅಲ್ಲೇ ಆಡಿದರು. ಬೆಂಗಳೂರಿಗೆ ಬದಲಿಗೆ ಬಂದದ್ದೇನು? ಆಟಗಾರನೂ ಇಲ್ಲ, ಹಣವೂ ಇಲ್ಲ. 1990ರ ದಶಕದಲ್ಲಿ ಕಾರ್ಲ್‌ಟನ್ ಚಾಪ್ಮನ್ ಎಂಬ ಬೆಂಗಳೂರಿನ ಮತ್ತೊಬ್ಬ ಪ್ರತಿಭಾವಂತ ಅದೇ ಈಸ್ಟ್ ಬೆಂಗಾಲಿಗೂ ಪಂಜಾಬಿನ ಜೆ.ಸಿ.ಟಿ.ಗೂ ಆಡಿ ಹೆಸರಾದನು. ಬಿಟ್ಟದ್ದು ಸರಿಯೆ ತಪ್ಪೆ ಎಂದು ಜಗಳವಾಡಲು ಅಂದು ಇಲ್ಲಿ ಬಿಡುವಂಥ ದೊಡ್ಡ ತಂಡವೇ ಇರಲಿಲ್ಲ; ಅನ್ನ ಹುಡುಕಿ ಹೋಗುವವರನ್ನು ತಡೆಯುವವರಾರು?

2025ರಲ್ಲಿ ಆಶಿಕ್ ಕುರುನಿಯನ್ ಕಲ್ಕತ್ತೆಯಿಂದ ಬೆಂಗಳೂರಿಗೆ ಮರಳಿದನು. ಮೂರು ವರ್ಷ ಅವನ ಪರವಾಗಿ ವಾದಿಸಿದವರೇ ಈಗ ‘ಗಾಯವಾದ ಮಂಡಿ’ ಎಂದು ಹುಬ್ಬು ಗಂಟಿಕ್ಕಿದರು. ಇತ್ತ 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಋತುವಿನ ಮೊದಲ ಪಂದ್ಯ ನಡೆದಾಗ ಬೆಂಗಳೂರನ್ನು 1-0 ಗೆಲ್ಲಿಸಿದವನು ಯಾರಿಂದಲೂ ಕೊಂಡವನಲ್ಲ, ಯಾರಿಗೂ ಬದಲಾಗಿ ಬಂದವನಲ್ಲ. ವಿನೀತ್ ವೆಂಕಟೇಶ್ ಎಂಬ ಹತ್ತೊಂಬತ್ತರ ಹುಡುಗ, ಇದೇ ಊರಿನವನು. ಅಂದು ಎದುರಿಗಿದ್ದ ತಂಡ ಈಸ್ಟ್ ಬೆಂಗಾಲ್. ಆ ರಾತ್ರಿಯ ಹಸಿರು ಮಾರ್ಗದ ಗಾಡಿಯಲ್ಲಿ, ಮೊದಲ ಗೋಲಿನ ಸದ್ದು ಅಡಗುವ ಮುನ್ನವೇ, ಇವನ ಕರಾರು ಎಷ್ಟು ವರ್ಷದ್ದೆಂದು ಕೇಳಿದವರೂ ಇದ್ದಿರಬೇಕು.