ಗಣಿತದ ಮೇಷ್ಟ್ರು ಯಾರು?

ಬೇಸಿಗೆ ರಜೆ ಮುಗಿಯುತ್ತ ಬಂದಂತೆ ಹೊಸದುರ್ಗದ ಮನೆಗಳಲ್ಲಿ ಒಂದೇ ಮಾತು: ಐದನೇ ತರಗತಿ ಮುಗಿಸಿದ ಮಗುವನ್ನು ಯಾವ ಸರ್ಕಾರಿ ಶಾಲೆಗೆ ಹಾಕುವುದು? ಊರು ಚಿಕ್ಕದು, ಹೋಲಿಸಿ ನೋಡುವುದು ಸುಲಭ ಅನ್ನಿಸುತ್ತದೆ. ಹೊಸದಾಗಿ ಬಣ್ಣ ಬಳಿದ ಗೋಡೆ ನೋಡುತ್ತೇವೆ, ಇಂಗ್ಲಿಷ್ ಮಾಧ್ಯಮದ ಬೋರ್ಡು ನೋಡುತ್ತೇವೆ. ಕೊನೆಗೆ, ಅಲ್ಲಿ ಓದಿದವರು ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ತೆಗೆದರು ಎಂದು ವಿಚಾರಿಸುತ್ತೇವೆ.

ಆ ಕೊನೆಯ ಅಳತೆಗೋಲು ಎಷ್ಟು ಗಟ್ಟಿ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2023ರಲ್ಲಿ ಚಿತ್ರದುರ್ಗ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು. ಮರುವರ್ಷ ನಕಲು ತಡೆಯಲು ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಮೊದಲ ಸ್ಥಾನ ಉಡುಪಿಗೆ ಹೋಯಿತು, ನಾವು ಮೊದಲ ಹತ್ತರಲ್ಲೂ ಇರಲಿಲ್ಲ. ಒಂದೇ ವರ್ಷದಲ್ಲಿ ಮಕ್ಕಳ ಬುದ್ಧಿ ಮಂಕಾಗಲಿಲ್ಲ. ಆರು, ಏಳು, ಎಂಟರಲ್ಲಿ ಬಿದ್ದ ಬುನಾದಿ ಹತ್ತರ ರ‍್ಯಾಂಕಿನಲ್ಲಿ ಕಾಣುವುದಿಲ್ಲ, ಅಷ್ಟೇ.

ಕಾಣುವುದು ನೋಟ್‌ಬುಕ್ಕಿನಲ್ಲಿ. ಏಳನೇ ತರಗತಿಯ ಮಗುವಿನ ಗಣಿತದ ಪುಸ್ತಕ ತೆರೆಯಿರಿ. ಅರ್ಧಕ್ಕೆ ಮೂರನೇ ಒಂದು ಕೂಡಿಸಿ ಐದನೇ ಎರಡು ಎಂದು ಬರೆದಿದ್ದರೆ, ಅದನ್ನು ಯಾರೂ ತಿದ್ದದೆ ಪುಟ ತಿರುಗಿದ್ದರೆ, ಆ ಶಾಲೆಯ ಬಗ್ಗೆ ಬೇರೆ ವರದಿ ಬೇಕಿಲ್ಲ. ಇದಕ್ಕೆ ಮೇಷ್ಟ್ರನ್ನು ದೂರುವುದು ಅನ್ಯಾಯ. ಗಣಿತದ ಹುದ್ದೆ ಖಾಲಿಯಿದ್ದರೆ ಕನ್ನಡದ ಮೇಡಂ ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಭಿನ್ನರಾಶಿ ಹೇಳಿಕೊಡಬೇಕಾಗುತ್ತದೆ. ಅತಿಥಿ ಶಿಕ್ಷಕರು ಬರುವ ಹೊತ್ತಿಗೆ ಎಷ್ಟೋ ಕಡೆ ಮೊದಲ ಪಾಠಗಳು ದಾಟಿಹೋಗಿರುತ್ತವೆ.

2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಆರರಿಂದ ಎಂಟರವರೆಗಿನ ಈ ಮೂರು ತರಗತಿಗಳಿಗೆ ಸ್ಪಷ್ಟ ಲೆಕ್ಕ ಕೊಟ್ಟಿದೆ: ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜಕ್ಕೊಬ್ಬರು, ಭಾಷೆಗೊಬ್ಬರು ಶಿಕ್ಷಕರು, 35 ಮಕ್ಕಳಿಗೆ ಕನಿಷ್ಠ ಒಬ್ಬರು, ವರ್ಷಕ್ಕೆ 220 ದಿನ ಶಾಲೆ. ನಮ್ಮಲ್ಲಿ ತೊಡಕು ಇನ್ನೊಂದಿದೆ. ಬಹಳಷ್ಟು ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೇ ನಿಲ್ಲುತ್ತವೆ, ಎಂಟು ಹೈಸ್ಕೂಲಿನ ಪಾಲು. ಕಾಯ್ದೆ ಒಂದೇ ಹಂತವೆಂದು ಕಂಡದ್ದು ಇಲ್ಲಿ ಎರಡು ಕಾಂಪೌಂಡುಗಳಲ್ಲಿ ಹಂಚಿಹೋಗಿದೆ. ತಳಪಾಯವೇ ಇಲ್ಲ ಎಂದು ಹೈಸ್ಕೂಲಿನವರು, ನಾವು ಕಲಿಸಿಯೇ ಕಳಿಸಿದ್ದೇವೆ ಎಂದು ಪ್ರಾಥಮಿಕದವರು. ನಡುವೆ ನಿಂತ ಹದಿಮೂರು ವರ್ಷದ ಮಗುವಿಗೆ ಯಾರೂ ಜವಾಬ್ದಾರರಲ್ಲ. 8ನೇ ತರಗತಿಯಲ್ಲಿ ಬರೆಯುವ ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ಆಯ್ಕೆಯಾದರೆ ಬಡಮಗುವಿಗೆ ನಾಲ್ಕು ವರ್ಷ, ವರ್ಷಕ್ಕೆ 12,000 ರೂಪಾಯಿ ವಿದ್ಯಾರ್ಥಿವೇತನವಿದೆ. ಬುನಾದಿ ಸಡಿಲವಾದರೆ ಮೊದಲು ತಪ್ಪಿಹೋಗುವುದು ಆ ಹಣ.

ಶಾಲೆಗಳನ್ನು ಹೋಲಿಸಲಿ, ಬೇಡವೆನ್ನುವುದಿಲ್ಲ. ಆದರೆ ಹೋಲಿಕೆಗೆ ಬೇಕಾದ ಮಾಹಿತಿ ಗೇಟಿನ ಪಕ್ಕದ ಗೋಡೆಯ ಮೇಲಿರಲಿ: ಯಾವ ವಿಷಯಕ್ಕೆ ಯಾರು, ಯಾವ ಹುದ್ದೆ ಎಂದಿನಿಂದ ಖಾಲಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ ಮನಸ್ಸು ಮಾಡಿದರೆ ಒಂದು ಡಬ್ಬಿ ಬಣ್ಣದಲ್ಲಿ ಮುಗಿಯುವ ಕೆಲಸ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇರುವುದೂ ಪೋಷಕರಿಗಾಗಿಯೇ. ದಯವಿಟ್ಟು ಅದರ ಮುಂದಿನ ಸಭೆಗೆ ಹೋಗಿ, ಗಣಿತಕ್ಕೆ ಯಾರಿದ್ದಾರೆ ಎಂದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿಯೇ ಮನೆಗೆ ಬನ್ನಿ.